ಈ ಒಡವೆ ಯಾರಿಗಾಗಿ ಮಾಡಿದ್ದು?

ಹಳೆಯ ಚೀನಾ ಒಡವೆಯೊಂದು ಕೈಗೆ ಬಂದರೆ ಮೊದಲು ಬಾಯಿಗೆ ಬರುವ ಪ್ರಶ್ನೆ ‘ಇದಕ್ಕೆ ಎಷ್ಟು ಸಿಗಬಹುದು?’ ಅನ್ನೋದೇ. ಸಹಜ, ಮಾರಬೇಕು ಅಂತಿರುವಾಗ ಇನ್ನೇನು ಕೇಳುತ್ತಾರೆ. ಆದರೆ ವಸ್ತು ಏನು ಅಂತಲೇ ಗೊತ್ತಿಲ್ಲದಾಗ ಅದಕ್ಕೆ ಬೆಲೆ ಹೇಳುವವನು ಒಂದೋ ಊಹೆ ಮಾಡುತ್ತಿರುತ್ತಾನೆ, ಇಲ್ಲವೇ ಅಗ್ಗಕ್ಕೆ ಹೊಡೆದುಕೊಳ್ಳಲು ನೋಡುತ್ತಿರುತ್ತಾನೆ. ನಾನು ಬೆಲೆಯ ಮಾತನ್ನು ಪಕ್ಕಕ್ಕಿಟ್ಟು ಬೇರೆ ಪ್ರಶ್ನೆ ಹಿಡಿದುಕೊಂಡೆ. ಇದನ್ನು ಮಾಡಿದವನು ಯಾರ ಮೈಮೇಲೆ ಇರಲಿ ಅಂತ ಮಾಡಿದ? ಚೀನಾದ ಮದುಮಗಳೇ, ಮಗುವೇ, ಅಧಿಕಾರಿಯೇ, ಅಥವಾ ಹಡಗು ಹತ್ತಿ ಹೋಗಲಿದ್ದ ವಿದೇಶಿ ಗಿರಾಕಿಯೇ? ಇದೊಂದಕ್ಕೆ ಉತ್ತರ ಸಿಕ್ಕರೆ ಲೋಹ, ಕಲ್ಲು, ಕಾಲ, ಕೊಳ್ಳುವವರು ಎಲ್ಲವೂ ನಿಧಾನಕ್ಕೆ ತಮ್ಮ ಜಾಗಕ್ಕೆ ಬಂದು ಕೂರುತ್ತವೆ.

ನನ್ನ ಹತ್ತಿರ ಇದ್ದದ್ದು ಕೈಗೆ ಹಾಕುವ ಬ್ರೇಸ್‌ಲೆಟ್. ಒಂದಕ್ಕೊಂದು ಕೊಂಡಿ ಹಾಕಿ ಜೋಡಿಸಿದ ಬಿಲ್ಲೆಗಳು, ಪ್ರತಿ ಬಿಲ್ಲೆಯ ಮಧ್ಯೆ ಕೆತ್ತನೆ ಇರುವ ಹಸಿರು ಕಲ್ಲು, ಅದರ ಸುತ್ತ ಕೂದಲಿನಷ್ಟು ಸಣ್ಣ ತಂತಿಯ ಕುಸುರಿ, ಅಲ್ಲಲ್ಲಿ ನೀಲಿ ಎನಾಮೆಲ್‌ನ (ಗಾಜಿನ ಪುಡಿ ಕರಗಿಸಿ ಲೋಹಕ್ಕೆ ಕೂರಿಸಿದ ಬಣ್ಣ) ಪುಟ್ಟ ಹೂಗಳು. ಮುಂಭಾಗ ನೋಡಿದರೆ ಚಿನ್ನ. ತಿರುಗಿಸಿ ನೋಡಿದರೆ ಬೇರೆಯೇ ಕಥೆ. ಅಂಚುಗಳಲ್ಲಿ, ಕೈ ಉಜ್ಜುವ ಕಡೆಯೆಲ್ಲ ಚಿನ್ನದ ಬಣ್ಣ ಸವೆದು ಬೆಳ್ಳಿ ಕಾಣುತ್ತದೆ, ಸಂದಿಗಳಲ್ಲಿ ಮಾತ್ರ ಹಳದಿ ಉಳಿದಿದೆ. ಅಂದರೆ ಬೆಳ್ಳಿಯ ಮೇಲೆ ಚಿನ್ನದ ಲೇಪ. ಬೆಸುಗೆ ಹಾಕಿದ ಕಡೆ ಸಣ್ಣ ಸಣ್ಣ ಉಂಡೆಗಳಿವೆ, ಎರಡು ಬಿಲ್ಲೆ ಪಕ್ಕಪಕ್ಕ ಇಟ್ಟರೆ ಸುರುಳಿಗಳು ಒಂದೇ ಥರ ಇಲ್ಲ. ಕೈಯಲ್ಲಿ ಮಾಡಿದ್ದು ಅನ್ನೋದಕ್ಕೆ ಇಷ್ಟು ಸಾಕು. ಅಚ್ಚಿನಲ್ಲಿ ಎರಕ ಹೊಯ್ದಿದ್ದರೆ ತಂತಿ ತಂತಿಯಾಗಿ ಕಾಣುತ್ತಿರಲಿಲ್ಲ, ಎಲ್ಲ ಒಂದೇ ಹಾಳೆಯಲ್ಲಿ ಮೂಡಿದ ಗೀರಿನಂತೆ ಮೊಂಡಾಗಿರುತ್ತಿತ್ತು.

ಒಡವೆ ನೋಡುವುದಾದರೆ ಬೆನ್ನಿನಿಂದ ಶುರು ಮಾಡಿ ಅನ್ನುತ್ತೇನೆ. ಮುಂಭಾಗವನ್ನು ಮಾಡಿರುವುದೇ ನಿಮ್ಮನ್ನು ಮರುಳು ಮಾಡಲು. ಹಿಂಭಾಗದಲ್ಲಿ ಅಕ್ಕಸಾಲಿಗನಿಗೆ ಯಾರ ಹಂಗೂ ಇರುವುದಿಲ್ಲ.

ಮುದ್ರೆ ಇದ್ದದ್ದು ಕೊಂಡಿಯ ಒಳಗೆ ತೂರುವ ನಾಲಿಗೆಯ ಮೇಲೆ. ಲೈಟನ್ನು ಪಕ್ಕದಿಂದ ಓರೆಯಾಗಿ ಬೀಳುವಂತೆ ಹಿಡಿದು, ಹತ್ತು ಪಟ್ಟು ದೊಡ್ಡದು ಮಾಡುವ ಲೂಪ್‌ನಲ್ಲಿ ನೋಡಿದಾಗ ಎರಡು ಪದ ಕಂಡವು: ಸಿಲ್ವರ್, ಚೈನಾ. ಇಂಗ್ಲಿಷ್ ಅಕ್ಷರ. ಚೀನೀ ಲಿಪಿ ಒಂದೂ ಇಲ್ಲ. ಇಲ್ಲಿಗೆ ನನ್ನ ಪ್ರಶ್ನೆಯ ಅರ್ಧ ಉತ್ತರ ಸಿಕ್ಕಿತು. ಚೀನಾದ ಹೆಂಗಸು ತನ್ನ ಊರಿನ ಅಂಗಡಿಯಲ್ಲಿ ಕೊಳ್ಳುವ ಒಡವೆಗೆ ಇಂಗ್ಲಿಷ್ ಮುದ್ರೆ ಯಾಕೆ ಬೇಕು?

ಅಮೆರಿಕದಲ್ಲಿ 1890ರಲ್ಲಿ ಮೆಕಿನ್ಲಿ ಸುಂಕ ಕಾಯ್ದೆ ಬಂತು. ಹೊರದೇಶದಿಂದ ಬರುವ ಸರಕಿನ ಮೇಲೆ ಅದು ಎಲ್ಲಿಯದು ಅಂತ ಇಂಗ್ಲಿಷ್‌ನಲ್ಲಿ ಗುರುತು ಇರಬೇಕು ಅನ್ನುವ ನಿಯಮ 1891ರಿಂದ ಜಾರಿಗೆ ಬಂತು. ಹೀಗಾಗಿ ಚೈನಾ ಅಂತ ಇಂಗ್ಲಿಷ್‌ನಲ್ಲಿ ಒತ್ತಿದ ಒಡವೆ ಸಾಮಾನ್ಯವಾಗಿ ಅದರ ನಂತರದ್ದು, ರಫ್ತಿಗೆ ಅಂತ ಮಾಡಿದ್ದು. ಇನ್ನೊಂದು ತುದಿಗೂ ಒಂದು ಗಡಿ ಇದೆ, ನನಗೆ ಬಹಳ ಇಷ್ಟವಾದ ಗಡಿ ಇದು. ಕೊರಿಯಾ ಯುದ್ಧದ ಹೊತ್ತಿಗೆ, 1950ರ ಡಿಸೆಂಬರ್‌ನಲ್ಲಿ, ಅಮೆರಿಕ ಚೀನಾದ ಜೊತೆ ವ್ಯಾಪಾರವನ್ನೇ ನಿಲ್ಲಿಸಿತು. ಮತ್ತೆ ಬಾಗಿಲು ತೆರೆದದ್ದು 1971ರಲ್ಲಿ, ನಿಕ್ಸನ್ ಕಾಲದಲ್ಲಿ. ಹಾಗಾಗಿ ಅಮೆರಿಕದ ಅಂಗಡಿಯಲ್ಲಿ ಹೊಸದಾಗಿ ಕೊಂಡ ಚೀನಾ ಒಡವೆ ಅಂದರೆ ಒಂದೋ 1950ಕ್ಕಿಂತ ಹಿಂದಿನದು, ಇಲ್ಲವೇ 1971ರ ಈಚಿನದು. ನಡುವಿನ ಇಪ್ಪತ್ತು ವರ್ಷ ಹೆಚ್ಚುಕಡಿಮೆ ಖಾಲಿ. ಬ್ರಿಟನ್‌ಗೋ ಬೇರೆ ದೇಶಕ್ಕೋ ಹೋದ ಮಾಲಿಗೆ ಈ ಲೆಕ್ಕ ಹಿಡಿಯಬೇಡಿ, ಅವರ ನಿಷೇಧ ಇಷ್ಟು ಬಿಗಿಯಾಗಿರಲಿಲ್ಲ. ಅದಕ್ಕೇ ಒಡವೆ ಯಾವ ಊರಿನಲ್ಲಿ, ಯಾವಾಗ ಕೊಂಡದ್ದು ಅಂತ ಮನೆಯ ಹಿರಿಯರಿಗೆ ನೆನಪಿದ್ದರೆ ಈಗಲೇ ಕೇಳಿ ಬರೆದಿಟ್ಟುಕೊಳ್ಳಿ. ಹಳೇ ಫೋಟೊದಲ್ಲಿ ಯಾರಾದರೂ ಅದನ್ನು ಹಾಕಿಕೊಂಡಿದ್ದರೆ ಇನ್ನೂ ಒಳ್ಳೆಯದು.

ಬರೀ ಚೈನಾ ಅಂತಿದ್ದರೆ ಹಳೆಯದು, ಮೇಡ್ ಇನ್ ಚೈನಾ ಅಂತಿದ್ದರೆ ಈಚಿನದು ಅಂತ ವ್ಯಾಪಾರಿಗಳು ಹೇಳುತ್ತಾರೆ. ಒಟ್ಟಾರೆ ನೋಡಿದರೆ ಸರಿ, ಆದರೆ ಗೆರೆ ಎಳೆದ ಹಾಗೆ ಅಲ್ಲ. ಎಪ್ಪತ್ತರ ದಶಕದ ನಂತರವೂ ಚಿನ್ನದ ಲೇಪದ ಬೆಳ್ಳಿ, ಎನಾಮೆಲ್, ತಂತಿ ಕೆಲಸದ ಒಡವೆ ಚೀನಾದಿಂದ ರಾಶಿ ರಾಶಿ ಹೊರಗೆ ಹೋಗಿದೆ, ಅದರ ಮೇಲೂ ಸಿಲ್ವರ್ ಅಂತ ಮುದ್ರೆ ಇರುತ್ತದೆ. ಅದಕ್ಕೇ ನಾನು ಮುದ್ರೆಯನ್ನು ಸಾಕ್ಷಿಗಳಲ್ಲಿ ಒಬ್ಬನಂತೆ ನೋಡುತ್ತೇನೆ, ತೀರ್ಪು ಕೊಡಲು ಅದಕ್ಕೆ ಬಿಡುವುದಿಲ್ಲ. ಸವೆತ ಸಹಜವಾಗಿದೆಯೇ, ಕೀಲುಗಳು ಸಡಿಲವಾಗಿವೆಯೇ, ಲೇಪ ಕೈ ತಗಲುವ ಕಡೆ ಮಾತ್ರ ಹೋಗಿದೆಯೇ, ಇವೆಲ್ಲ ಅದರ ಜೊತೆ ಕೂಡಬೇಕು.

ಚೀನಾದವರು ತಾವೇ ಹಾಕಿಕೊಳ್ಳಲು ಮಾಡಿಸಿದ ಒಡವೆಯ ಮುದ್ರೆ ಬೇರೆ ಥರ. ಅಂಗಡಿಯ ಹೆಸರು ಎರಡು ಮೂರು ಚೀನೀ ಅಕ್ಷರದಲ್ಲಿ, ಪಕ್ಕದಲ್ಲಿ ಶುದ್ಧತೆ. ಝು ಜಿನ್ ಅಂದರೆ ತುಂಬು ಚಿನ್ನ, ಝು ಯಿನ್ ಅಂದರೆ ತುಂಬು ಬೆಳ್ಳಿ. ಈಗಿನ ಚೀನಾದ ಮಾನದಂಡದಲ್ಲಿ ಈ ಮಾತಿಗೆ ಸಾವಿರಕ್ಕೆ 990 ಭಾಗ ಶುದ್ಧ ಅಂತ ಅರ್ಥ. ಹಳೆಯ ಅಂಗಡಿಗಳು ಅದೇ ಪದ ಒತ್ತಿದಾಗ ಅದು ಅಂಗಡಿಯವನ ಮಾತು, ಅಷ್ಟೆ. ಪರೀಕ್ಷೆ ಮಾಡಿಸಿದರೇ ಗೊತ್ತಾಗುವುದು. ಕಾಲ ಹಿಡಿಯಲು ಇಲ್ಲೊಂದು ಸಣ್ಣ ಕಿಂಡಿ ಇದೆ. ಚೀನಾ ಸರ್ಕಾರ 1956ರಲ್ಲಿ ತನ್ನ ಲಿಪಿಯನ್ನು ಸರಳ ಮಾಡಿತು, ಬೆಳ್ಳಿಯನ್ನು ಸೂಚಿಸುವ ಅಕ್ಷರದ ಎಡಭಾಗವೇ ಆಗ ಬದಲಾಯಿತು. ಮುದ್ರೆಯಲ್ಲಿ ಸರಳ ರೂಪ ಇದ್ದರೆ ‘ನೂರೈವತ್ತು ವರ್ಷ ಹಳೆಯದು’ ಅನ್ನುವ ಮಾತನ್ನು ಅಲ್ಲೇ ಬಿಡಬಹುದು. ಹಳೆಯ ರೂಪ ಇದ್ದರೆ? ಏನೂ ಹೇಳಲಾಗದು. ಹಾಂಗ್‌ಕಾಂಗ್, ತೈವಾನ್‌ಗಳಲ್ಲಿ ಇಂದಿಗೂ ಹಳೆಯ ರೂಪವೇ ನಡೆಯುತ್ತದೆ. ಜಪಾನಿನ ಬೆಳ್ಳಿ ಒಡವೆಯ ಮೇಲೂ ಅದೇ ಹಳೆಯ ಅಕ್ಷರ ಬರುತ್ತದೆ, ಶುದ್ಧ ಬೆಳ್ಳಿಗೆ ಅವರು ಜುನ್‌ಗಿನ್ ಅಂತ ಒತ್ತುತ್ತಾರೆ. ಚೀನಾದ್ದು ಅಂತ ಬರುವ ಎಷ್ಟೋ ವಸ್ತು ಕೊನೆಗೆ ಜಪಾನಿನದು ಅಂತ ತಿಳಿಯುವುದು ಇಲ್ಲೇ.

ಮುದ್ರೆಯ ಫೋಟೊ ತೆಗೆದು ಯಾರಿಗಾದರೂ ಓದಲು ಕಳಿಸುವಾಗ ನಾಲ್ಕೂ ದಿಕ್ಕಿಗೆ ತಿರುಗಿಸಿ ಕಳಿಸಿ, ಲಿಪಿ ಗೊತ್ತಿಲ್ಲದವರಿಗೆ ಯಾವುದು ತಲೆ ಯಾವುದು ಕಾಲು ಅಂತ ಗೊತ್ತಾಗೋದಿಲ್ಲ. ಒಡವೆಯ ಮೇಲೆ ಚಿಯಾನ್‌ಲಾಂಗ್ ಚಕ್ರವರ್ತಿಯ ಕಾಲದ್ದು ಅಂತ ಮುದ್ರೆ ಕಂಡರೆ ಸಂತೋಷ ಪಡುವ ಬದಲು ಅನುಮಾನ ಪಡಿ. ಅವನು ಆಳಿದ್ದು 1736ರಿಂದ 1795ರವರೆಗೆ. ಅವನ ಹೆಸರು ಒತ್ತಿದ ವಸ್ತುಗಳು ಇವತ್ತಿಗೂ ತಯಾರಾಗುತ್ತಿವೆ.

ಲೋಹದ ವಿಚಾರದಲ್ಲಿ ಎರಡು ಹೆಸರು ನೆನಪಿಟ್ಟುಕೊಳ್ಳಿ: ಮಿಯಾವ್ ಬೆಳ್ಳಿ ಮತ್ತು ಟಿಬೆಟ್ ಬೆಳ್ಳಿ. ಚೀನಾದ ಗುಯಿಝೌ ಪ್ರಾಂತ್ಯದ ಮಿಯಾವ್ ಜನಾಂಗದ ಹೆಂಗಸರು ಹಬ್ಬಕ್ಕೆ, ಮದುವೆಗೆ ಹಾಕುವ ಭಾರಿ ಕಂಠಾಭರಣ, ತಲೆಯ ಕಿರೀಟ ನಿಜಕ್ಕೂ ಬೆರಗು ಹುಟ್ಟಿಸುವ ಕೆಲಸ. ಆದರೆ ಪ್ರವಾಸಿಗರಿಗೆ ಅದೇ ಹೆಸರಿನಲ್ಲಿ ಮಾರುವುದರಲ್ಲಿ ಬಹುಪಾಲು ಬಿಳಿ ತಾಮ್ರ, ಅಂದರೆ ತಾಮ್ರ, ನಿಕಲ್, ಸತುವಿನ ಮಿಶ್ರಣ. ಟಿಬೆಟ್ ಬೆಳ್ಳಿ ಅಂತ ಮಾರುವುದರಲ್ಲಿ ಎಷ್ಟೋ ಸಲ ಬೆಳ್ಳಿಯ ಗಂಧವೂ ಇರುವುದಿಲ್ಲ. ಆಯಸ್ಕಾಂತ ಹಿಡಿದು ‘ಅಂಟಲಿಲ್ಲ, ಹಾಗಾದರೆ ಬೆಳ್ಳಿ’ ಅನ್ನುವಂತಿಲ್ಲ, ಬಿಳಿ ತಾಮ್ರವೂ ಅಂಟುವುದಿಲ್ಲ. ಎಕ್ಸ್‌ರೇ ಯಂತ್ರದಲ್ಲಿ ಲೋಹ ನೋಡುವ ಅಂಗಡಿ ಸಿಕ್ಕರೆ ಅದೇ ಒಳ್ಳೆಯದು, ಗೀರು ಬೀಳುವುದಿಲ್ಲ. ಚಿನ್ನದ ಲೇಪ ಇದ್ದರೆ ಸವೆದ ಜಾಗದಲ್ಲೂ ಒಮ್ಮೆ ನೋಡಿ ಅಂತ ಹೇಳಬೇಕು, ಇಲ್ಲವಾದರೆ ಯಂತ್ರ ಲೇಪವನ್ನೇ ಓದಿ ಏನೇನೋ ಸಂಖ್ಯೆ ಕೊಡುತ್ತದೆ.

ಇನ್ನು ಹಸಿರು ಕಲ್ಲು. ಎಲ್ಲರ ಆಸೆಯೂ ಇಲ್ಲೇ ಇರುತ್ತದೆ, ಅಲ್ವಾ?

ಜೇಡ್ ಅನ್ನುವುದು ಎರಡು ಬೇರೆ ಬೇರೆ ಕಲ್ಲುಗಳಿಗೆ ಇರುವ ಒಂದೇ ಹೆಸರು. ನೆಫ್ರೈಟ್ ಮತ್ತು ಜೇಡೈಟ್. ಎರಡೂ ಒಂದೇ ಅಲ್ಲ ಅಂತ ಫ್ರಾನ್ಸಿನ ಅಲೆಕ್ಸಿ ದಾಮೂರ್ ರಾಸಾಯನಿಕವಾಗಿ ತೋರಿಸಿದ್ದೇ 1863ರಲ್ಲಿ. ಚೀನಾದಲ್ಲಿ ಸಾವಿರಾರು ವರ್ಷಗಳಿಂದ ಕೆತ್ತುತ್ತಿದ್ದದ್ದು ನೆಫ್ರೈಟ್, ಮುಖ್ಯವಾಗಿ ಈಗಿನ ಶಿನ್‌ಜಿಯಾಂಗ್‌ನ ಖೋತಾನ್ ಕಡೆಯದ್ದು. ಕಣ್ಣು ಕುಕ್ಕುವ ಹಸಿರಿನ ಜೇಡೈಟ್ ಬರ್ಮಾದ್ದು, ಅದು ಚೀನಾಕ್ಕೆ ದೊಡ್ಡ ಪ್ರಮಾಣದಲ್ಲಿ ಬರತೊಡಗಿದ್ದು 18ನೇ ಶತಮಾನದಲ್ಲಿ. ಇವತ್ತು ಹುಚ್ಚು ಬೆಲೆ ಇರುವುದು ಈ ಎರಡನೆಯದರ ಅತಿ ಒಳ್ಳೆಯ ಹರಳುಗಳಿಗೆ. ಬಾರ್ಬರಾ ಹಟನ್ ಅನ್ನುವ ಅಮೆರಿಕದ ಶ್ರೀಮಂತೆಗೆ 1933ರ ಮದುವೆಯಲ್ಲಿ ಅಪ್ಪ ಕೊಟ್ಟಿದ್ದ, 27 ಜೇಡೈಟ್ ಮಣಿಗಳ ಹಾರ 2014ರಲ್ಲಿ ಹಾಂಗ್‌ಕಾಂಗ್‌ನ ಸದಬೀಸ್ ಹರಾಜಿನಲ್ಲಿ 2 ಕೋಟಿ 70 ಲಕ್ಷ ಡಾಲರ್‌ಗೂ ಜಾಸ್ತಿಗೆ ಹೋಯಿತು. ಕೊಂಡದ್ದು ಫ್ರಾನ್ಸಿನ ಒಡವೆ ಕಂಪನಿ ಕಾರ್ಟಿಯೇ. ಈ ಸುದ್ದಿ ಓದಿದವರೆಲ್ಲ ಮನೆಯ ಹಸಿರು ಬಳೆ ಹುಡುಕಲು ಹೋಗುತ್ತಾರೆ. ಹೋಗಲಿ ಬಿಡಿ, ಅದರಲ್ಲಿ ತಪ್ಪೇನಿಲ್ಲ, ಆದರೆ ಬಳೆ ಸಿಕ್ಕಿದ ಮೇಲೆ ಮೊದಲು ತೂಕ ಹಾಕಲಿ.

ತೂಕ ಅಂದರೆ ಗಾಳಿಯಲ್ಲಿ ಒಮ್ಮೆ, ನೀರಿನಲ್ಲಿ ಮುಳುಗಿಸಿ ನೇತುಹಾಕಿ ಒಮ್ಮೆ. ಲೋಹ ಇಲ್ಲದ, ಬರೀ ಕಲ್ಲಿನ ಬಳೆಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಮನೆಯಲ್ಲಿ ಬೇರೆ ಇಲ್ಲ. ಬಳೆ 50 ಗ್ರಾಂ ಇದೆ ಅಂದುಕೊಳ್ಳಿ. ನೀರಿನಲ್ಲಿ 35 ಗ್ರಾಂ ತೋರಿಸಿದರೆ ಕಳೆದುಕೊಂಡದ್ದು 15. ಐವತ್ತನ್ನು ಹದಿನೈದರಿಂದ ಭಾಗಿಸಿದರೆ 3.33. ಅದು ಜೇಡೈಟ್‌ನ ಸಾಂದ್ರತೆ. ನೀರಿನಲ್ಲಿ 33 ಗ್ರಾಂ ತೋರಿಸಿದರೆ 2.94, ಅಲ್ಲಿಗೆ ನೆಫ್ರೈಟ್ ಆಗಿರುವ ಸಾಧ್ಯತೆ. ಲೆಕ್ಕ 2.6ರ ಆಸುಪಾಸು ಬಂದರೆ ಸರ್ಪೆಂಟೈನ್ ಅನ್ನುವ ಮೆತ್ತಗಿನ ಹಸಿರು ಕಲ್ಲು ಅಥವಾ ಕ್ವಾರ್ಟ್ಜ್ ಜಾತಿಯದು ಏನೋ ಇರಬೇಕು. ಅಂಗಡಿಗಳಲ್ಲಿ ಇಂಡಿಯನ್ ಜೇಡ್ ಅಂತ ಮಾರುವುದು ಅವೆಂಚುರಿನ್, ಮಲಯ ಜೇಡ್ ಅನ್ನುವುದು ಬಣ್ಣ ಹಾಕಿದ ಕ್ವಾರ್ಟ್ಜೈಟ್. ಯಾವುದೂ ಜೇಡ್ ಅಲ್ಲ. ಗಾಜೂ ಇರಬಹುದು, ಕಾಂಗ್‌ಶಿ ಚಕ್ರವರ್ತಿ 1696ರಲ್ಲಿ ಅರಮನೆಯಲ್ಲೇ ಗಾಜಿನ ಕಾರ್ಖಾನೆ ಹಾಕಿಸಿದ ನಾಡು ಅದು, ಜೇಡ್‌ನಂತೆ ಕಾಣುವ ಗಾಜು ಮಾಡುವುದರಲ್ಲಿ ಪಳಗಿದ ಕೈಗಳು. ಲೂಪ್ ಹಿಡಿದಾಗ ದುಂಡನೆಯ ಗುಳ್ಳೆ ಕಂಡರೆ ಗಾಜು.

ಜೇಡೈಟ್ ಅಂತ ಖಾತ್ರಿಯಾದರೂ ಮುಗಿಯಲಿಲ್ಲ. ಆಸಿಡ್‌ನಲ್ಲಿ ಕಲೆ ತೆಗೆದು ಒಳಗೆ ರಾಳ ತುಂಬಿದ್ದಕ್ಕೆ ಬಿ ದರ್ಜೆ ಅನ್ನುತ್ತಾರೆ, ಬಣ್ಣ ಹಾಕಿದ್ದಕ್ಕೆ ಸಿ, ಏನೂ ಮಾಡದೆ ಬರೀ ಹೊಳಪು ಕೊಟ್ಟದ್ದು ಎ. ಎಗೂ ಬಿಗೂ ಬೆಲೆಯಲ್ಲಿ ಆಕಾಶ ಭೂಮಿ ವ್ಯತ್ಯಾಸ. ಬರಿಗಣ್ಣಿಗೆ ಇದು ದಕ್ಕುವುದಿಲ್ಲ, ಇನ್‌ಫ್ರಾರೆಡ್ ಯಂತ್ರ ಇರುವ ಪ್ರಯೋಗಾಲಯಕ್ಕೇ ಹೋಗಬೇಕು. ಬಿಸಿ ಸೂಜಿ ಚುಚ್ಚುವುದು, ಚಾಕುವಿನಿಂದ ಗೀಚುವುದು ಇಂಥ ಸಲಹೆ ಯಾರಾದರೂ ಕೊಟ್ಟರೆ ಕಿವಿಗೆ ಹಾಕಿಕೊಳ್ಳಬೇಡಿ. ಮಾರುವ ವಸ್ತುವಿಗೆ ನೀವೇ ಗಾಯ ಮಾಡಿದ ಹಾಗಾಗುತ್ತದೆ.

ನನ್ನ ಬ್ರೇಸ್‌ಲೆಟ್‌ನ ಕಲ್ಲುಗಳು ಲೋಹದಲ್ಲಿ ಕೂತಿದ್ದವು, ನೀರಿನ ತೂಕ ಕೆಲಸಕ್ಕೆ ಬರುವುದಿಲ್ಲ. ಕಿತ್ತು ತೆಗೆಯುವ ಮಾತೇ ಇಲ್ಲ. ರತ್ನ ಪರೀಕ್ಷೆ ಮಾಡುವವರೊಬ್ಬರ ಮುಂದೆ ಇಟ್ಟೆ. ಅವರು ಕಲ್ಲಿನ ಮೇಲೆ ಒಂದು ತೊಟ್ಟು ದ್ರವ ಹಾಕಿ ವಕ್ರೀಭವನ, ಅಂದರೆ ಕಲ್ಲಿನಲ್ಲಿ ಬೆಳಕು ಎಷ್ಟು ಬಾಗುತ್ತದೆ ಅಂತ ನೋಡಿದರು. ಜೇಡೈಟ್ ಆಗಿದ್ದರೆ 1.66ರ ಹತ್ತಿರ, ನೆಫ್ರೈಟ್ ಆಗಿದ್ದರೆ 1.61ರ ಹತ್ತಿರ ಬರಬೇಕು. ಬಂದದ್ದು 1.56. ಸರ್ಪೆಂಟೈನ್. ಕೆತ್ತಿದ ಎಲೆಗಳ ಅಂಚು ಯಾಕೆ ಅಷ್ಟು ಸವೆದು ದುಂಡಗಾಗಿತ್ತು ಅನ್ನುವುದಕ್ಕೂ ಇದೇ ಉತ್ತರ, ಜೇಡ್‌ಗಿಂತ ಮೆತ್ತಗಿನ ಕಲ್ಲು. ಯಾರಿಗಾಗಿ ಮಾಡಿದ್ದು ಅನ್ನುವ ಪ್ರಶ್ನೆಗೂ ಇದು ಹೊಂದುತ್ತದೆ. ಚೀನಾದ ಗಿರಾಕಿ ಕಲ್ಲನ್ನು ಬೆಳಕಿಗೆ ಹಿಡಿದು, ಬೆರಳಲ್ಲಿ ಉಜ್ಜಿ, ಚೌಕಾಸಿ ಮಾಡಿ ಕೊಳ್ಳುತ್ತಿದ್ದ. ದೂರದ ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ನೋಡಿ ಕೊಳ್ಳುವವರಿಗೆ ಹಸಿರಾಗಿದ್ದರೆ ಸಾಕಿತ್ತು, ಕೆಲಸ ಅಂದವಾಗಿದ್ದರೆ ಸಾಕಿತ್ತು. ಹಾಗಂತ ಇದು ಕಡಿಮೆ ವಸ್ತು ಅಂತ ನನಗನ್ನಿಸುವುದಿಲ್ಲ. ಆ ತಂತಿಯ ಸುರುಳಿಗಳನ್ನು ಲೂಪ್‌ನಲ್ಲಿ ನೋಡುತ್ತಾ ಕೂತರೆ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ. ಬೆಲೆ ಇರುವುದು ಅಲ್ಲಿ.

ಇದಕ್ಕೆ ತೀರಾ ಉಲ್ಟಾ ಇನ್ನೊಂದು ವಸ್ತುವನ್ನು ಅದೇ ಸಮಯದಲ್ಲಿ ನೋಡಿದೆ, ಪರಿಚಯದವರದ್ದು. ಚಿಟ್ಟೆಯ ಆಕಾರದ ಬ್ರೂಚ್, ರೆಕ್ಕೆಯ ತುಂಬ ಮಿರಿಮಿರಿ ನೀಲಿ. ಎನಾಮೆಲ್ ಅಂತ ಅವರ ನಂಬಿಕೆ. ದೊಡ್ಡದು ಮಾಡಿ ನೋಡಿದರೆ ನೀಲಿಯೊಳಗೆ ಒಂದರ ಪಕ್ಕ ಒಂದು ಸಣ್ಣ ಗೆರೆಗಳು, ನೇಯ್ದ ರೇಷ್ಮೆಯ ಎಳೆಯಂತೆ. ಒಂದು ಮೂಲೆಯಲ್ಲಿ ಎಳೆಗಳು ಉದುರಿ ಕೆಳಗಿನ ಲೋಹ ಕಾಣುತ್ತಿತ್ತು. ಎನಾಮೆಲ್ ಒಡೆದರೆ ಚಕ್ಕೆ ಏಳುತ್ತದೆ, ಹೀಗೆ ಎಳೆ ಎಳೆಯಾಗಿ ಉದುರುವುದಿಲ್ಲ. ಅದು ಮಿಂಚುಳ್ಳಿಯ ಗರಿ. ಚೀನಾದಲ್ಲಿ ದಿಯಾನ್‌ಸುಯಿ ಅನ್ನುವ ಈ ಕೆಲಸದಲ್ಲಿ ಹಕ್ಕಿಯ ನೀಲಿ ಗರಿಯನ್ನು ಕತ್ತರಿಸಿ, ಚಿನ್ನದ ಲೇಪವಿರುವ ಬೆಳ್ಳಿ ಚೌಕಟ್ಟಿನೊಳಗೆ ಅಂಟಿಸುತ್ತಿದ್ದರು. ಆ ನೀಲಿ ಬಣ್ಣದ ಪುಡಿಯಿಂದ ಬಂದದ್ದಲ್ಲ, ಗರಿಯ ಒಳಗಿನ ಸೂಕ್ಷ್ಮ ರಚನೆಯಲ್ಲಿ ಬೆಳಕು ಚದುರುವುದರಿಂದ ಬಂದದ್ದು. ಅದಕ್ಕೇ ನೂರು ವರ್ಷ ಕಳೆದರೂ ಸುಲಭಕ್ಕೆ ಮಾಸುವುದಿಲ್ಲ.

ಹಿಂಭಾಗ ತಿರುಗಿಸಿದರೆ ಪಿನ್ನಿನ ಬೆಸುಗೆ ಒಡವೆಯ ಉಳಿದ ಕೆಲಸಕ್ಕೆ ಹೊಂದುವುದೇ ಇಲ್ಲ, ಒರಟು, ಬೇರೆ ಬಣ್ಣ. ಅದರ ಕೆಳಗೆ ಹಳೆಯ ಬೆಸುಗೆಯೊಂದರ ಕಲೆ. ಅಂದರೆ ಇದು ಹುಟ್ಟಿದ್ದು ಕೂದಲಿಗೆ ಸಿಕ್ಕಿಸುವ ಒಡವೆಯಾಗಿ, ಚೀನಾದ ಹೆಂಗಸಿನ ತಲೆಗೆ, ಆಮೇಲೆ ಯಾರೋ ಕಾಂಡ ಕತ್ತರಿಸಿ ಬ್ರೂಚ್ ಮಾಡಿದ್ದಾರೆ. ಇಂಥ ಪುನರ್ಜನ್ಮ ತುಂಬಾ ಸಾಮಾನ್ಯ. 1912ರಲ್ಲಿ ಚೀನಾದ ಕೊನೆಯ ರಾಜವಂಶವಾದ ಚಿಂಗ್ ದೊರೆತನ ಮುಗಿದ ಮೇಲೆ ಆಸ್ಥಾನದ ಉಡುಗೆ ತೊಡುಗೆ ಬೇಡವಾಯಿತು. ಅಧಿಕಾರಿಗಳು ಹಾಕುತ್ತಿದ್ದ 108 ಮಣಿಗಳ ಹಾರಗಳು ಬಿಡಿಬಿಡಿಯಾಗಿ ಚಿಕ್ಕ ಸರಗಳಾದವು, ಟೊಪ್ಪಿಗೆಯ ತುದಿಯಲ್ಲಿ ದರ್ಜೆ ತೋರಿಸುತ್ತಿದ್ದ ಗುಂಡುಗಳು ಪದಕಗಳಾದವು, ಉದ್ದ ಉಗುರಿಗೆ ಹಾಕುತ್ತಿದ್ದ ಕವಚಗಳು ಬ್ರೂಚ್‌ಗಳಾದವು. ಹಾಗಾಗಿ ‘ಇದು ಬ್ರೂಚ್’ ಅಂತ ಬರೆದು ಸುಮ್ನೆ ಮಾರಿಬಿಟ್ಟರೆ ಅದರ ಅರ್ಧ ಆಯುಸ್ಸನ್ನೇ ಬಿಟ್ಟುಕೊಟ್ಟಂತೆ. ಬದಲಾವಣೆ ಆಗಿರುವುದು ಬೆಲೆ ಇಳಿಸಬಹುದು, ಆದರೂ ಹೇಳಲೇಬೇಕು.

ಗರಿಯ ಒಡವೆಗೆ ನೀರು ಶತ್ರು. ಅಂಟು ಬಿಡುತ್ತದೆ. ಅಲ್ಟ್ರಾಸಾನಿಕ್ ಯಂತ್ರಕ್ಕೆ ಹಾಕಿದರಂತೂ ಕಥೆ ಮುಗಿಯಿತು. ನನ್ನ ಬ್ರೇಸ್‌ಲೆಟ್ ಅನ್ನೂ ನಾನು ಮೆತ್ತಗಿನ ಬ್ರಷ್‌ನಿಂದ ಧೂಳು ಕೊಡವಿದ್ದು ಬಿಟ್ಟರೆ ಏನೂ ಮಾಡಲಿಲ್ಲ. ಪಾಲಿಶ್ ಹಾಕಿದರೆ ಉಳಿದಿರುವ ಚಿನ್ನದ ಲೇಪವೇ ಹೋಗುತ್ತದೆ, ಹಳೇತನದ ಸಾಕ್ಷಿ ಹೋಗುತ್ತದೆ, ಕೊಳ್ಳುವವನಿಗೆ ನೋಡಲು ಏನು ಉಳಿಯಿತು?

ಎಲ್ಲ ಚೀನೀ ಚಹರೆಯೂ ಚೀನಾದ್ದಲ್ಲ ಅನ್ನುವುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಪೆನಾಂಗ್, ಮಲಕ್ಕಾ, ಸಿಂಗಾಪುರದ ಪೆರನಾಕನ್ (ಅಲ್ಲಿ ತಲೆಮಾರುಗಳಿಂದ ನೆಲೆಸಿದ ಚೀನೀ ಮೂಲದ) ಮನೆತನಗಳ ಹೆಂಗಸರು ರವಿಕೆಗೆ ಗುಂಡಿಯ ಬದಲು ಮೂರರ ಸೆಟ್‌ನಲ್ಲಿ ಕೆರೊಸಾಂಗ್ ಅನ್ನುವ ಪಿನ್ ಹಾಕುತ್ತಿದ್ದರು. ಅದರಲ್ಲಿ ಚೀನೀ ಹಕ್ಕಿ, ಹೂವು ಎಲ್ಲ ಇರುತ್ತದೆ, ಮಾಡಿದವರಲ್ಲಿ ಚೀನೀಯರ ಜೊತೆ ಭಾರತದ, ಶ್ರೀಲಂಕಾದ ಅಕ್ಕಸಾಲಿಗರೂ ಇದ್ದರು. ಅದನ್ನು ಕೊಳ್ಳುವ ಬಳಗವೇ ಬೇರೆ. ಚೀನಾದ್ದು ಅಂತ ಪಟ್ಟಿ ಮಾಡಿದರೆ ಸರಿಯಾದ ಕಣ್ಣಿಗೆ ಬೀಳುವುದೇ ಇಲ್ಲ.

ಇನ್ನೊಂದು, ಕಾನೂನು. ಬೇಸರದ ವಿಷಯ, ಆದರೆ ಬಿಡುವ ಹಾಗಿಲ್ಲ. ದಂತ, ಆಮೆಚಿಪ್ಪು, ಹೆಲ್ಮೆಟೆಡ್ ಹಾರ್ನ್‌ಬಿಲ್ ಹಕ್ಕಿಯ ಕೊಂಬು, ಇವೆಲ್ಲ ಹಳೆಯ ಚೀನೀ ಒಡವೆಯಲ್ಲಿ ಬರುತ್ತವೆ. ಇವುಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಅಳಿವಿನಂಚಿನ ಜೀವಿಗಳ ವ್ಯಾಪಾರದ ಕುರಿತ ಸೈಟಿಸ್ ಒಪ್ಪಂದ ಬಿಗಿ ಹಾಕಿದೆ. ಚೀನಾ ತನ್ನೊಳಗಿನ ದಂತದ ವ್ಯಾಪಾರವನ್ನೇ 2017ರ ಕೊನೆಗೆ ನಿಲ್ಲಿಸಿತು. ಕೆಂಪು ಹವಳದ ಕೆಲವು ಜಾತಿಗಳನ್ನು 2008ರಲ್ಲಿ ಸೈಟಿಸ್ ಪಟ್ಟಿಗೆ ಸೇರಿಸಿತು. ಗರಿಯ ಒಡವೆಗೂ ಒಂದೊಂದು ದೇಶದಲ್ಲಿ ಒಂದೊಂದು ನಿಯಮ. ಗಡಿ ದಾಟಿಸುವ ಮೊದಲು ಎರಡೂ ಕಡೆಯ ನಿಯಮ ನೋಡಿ. ವಸ್ತು ಈಗ ಚೀನಾದೊಳಗೇ ಇದ್ದರೆ, 1911ಕ್ಕಿಂತ ಹಿಂದಿನ ಸಾಂಸ್ಕೃತಿಕ ವಸ್ತುಗಳನ್ನು ಸಾಮಾನ್ಯವಾಗಿ ಹೊರಗೆ ಬಿಡುವುದಿಲ್ಲ ಅನ್ನುವುದೂ ನೆನಪಿರಲಿ.

ಬೆಲೆ ಹುಡುಕುವಾಗ ಕೇಳುತ್ತಿರುವ ಬೆಲೆ ನೋಡಬೇಡಿ, ಮಾರಾಟವಾದ ಬೆಲೆ ನೋಡಿ. ಯಾರು ಎಷ್ಟು ಬೇಕಾದರೂ ಕೇಳಬಹುದು. ಸದಬೀಸ್, ಕ್ರಿಸ್ಟೀಸ್, ಬಾನಮ್ಸ್‌ನಂಥ ಮನೆಗಳ ಹಳೆಯ ಹರಾಜಿನ ಫಲಿತಾಂಶ ಅವರ ಜಾಲತಾಣಗಳಲ್ಲೇ ಸಿಗುತ್ತದೆ, ಚಿಕ್ಕ ಹರಾಜು ಮನೆಗಳದ್ದೂ ಎಷ್ಟೋ ಇರುತ್ತವೆ. ನನ್ನಂಥ ಬ್ರೇಸ್‌ಲೆಟ್‌ಗೆ ಚಿಕ್ಕವೇ ಹೆಚ್ಚು ಉಪಯೋಗ. ವಿಮೆಗೆ ಅಂತ ಬರೆದುಕೊಟ್ಟ ಬೆಲೆಯನ್ನು ಮಾರುವ ಬೆಲೆ ಅಂದುಕೊಳ್ಳಬೇಡಿ, ಅದು ಹೊಸದಾಗಿ ಕೊಳ್ಳಬೇಕಾದರೆ ಎಷ್ಟು ಅನ್ನುವ ಲೆಕ್ಕ, ಯಾವಾಗಲೂ ಮೇಲೆಯೇ ಇರುತ್ತದೆ. ಬೆಳ್ಳಿಯ ತೂಕದ ಬೆಲೆ ಅನ್ನುವುದು ತಳ. ಅದಕ್ಕಿಂತ ಕೆಳಗೆ ಕೇಳುವವನ ಜೊತೆ ಮಾತು ಬೆಳೆಸುವುದೇ ಬೇಡ.

ಬ್ರೇಸ್‌ಲೆಟ್ ಅನ್ನು ಮಾರಾಟಕ್ಕೆ ಹಾಕುವಾಗ ವಿವರಣೆಯಲ್ಲಿ ನಾನು ಬರೆದದ್ದು ಇಷ್ಟು: ಚೀನಾದ ರಫ್ತು ಒಡವೆ, ಚಿನ್ನದ ಲೇಪವಿರುವ ಬೆಳ್ಳಿ, ಕೈಯಿಂದ ಮಾಡಿದ ತಂತಿ ಕುಸುರಿ, ನೀಲಿ ಎನಾಮೆಲ್, ಕೆತ್ತಿದ ಸರ್ಪೆಂಟೈನ್, 20ನೇ ಶತಮಾನದ ಮೊದಲ ಅರ್ಧದ್ದು ಇರಬಹುದು, ಕೊಂಡಿಯ ಮೇಲೆ ಇಂಗ್ಲಿಷ್ ಮುದ್ರೆ, ಒಂದು ಹೂವಿನ ಎನಾಮೆಲ್ ಚಕ್ಕೆ ಎದ್ದಿದೆ, ಲೇಪ ಸವೆದಿದೆ. ಜೊತೆಗೆ ತೂಕ, ಉದ್ದ, ಸ್ಕೇಲ್ ಪಕ್ಕದಲ್ಲಿಟ್ಟ ಫೋಟೊ, ಹಿಂಭಾಗದ ಫೋಟೊಗಳು ಮುಂಭಾಗದ್ದಕ್ಕಿಂತ ಜಾಸ್ತಿ. ಜೇಡ್ ಅಂತ ಎಲ್ಲೂ ಬರೆಯಲಿಲ್ಲ, ಚಿಂಗ್ ಕಾಲ ಅಂತಲೂ ಇಲ್ಲ. ಆ ಎರಡು ಮಾತು ಹಾಕಿದ್ದರೆ ನೋಡುವವರು ಹೆಚ್ಚಾಗುತ್ತಿದ್ದರು ಅಂತ ಗೊತ್ತು. ಬಂದವರಲ್ಲಿ ಒಬ್ಬರು ಕಲ್ಲಿನ ಬಗ್ಗೆ ಏನನ್ನೂ ಕೇಳದೆ ಎನಾಮೆಲ್ ಚಕ್ಕೆ ಎದ್ದ ಜಾಗದ ಹತ್ತಿರದ ಫೋಟೊ ಇನ್ನೊಂದು ಕಳಿಸಿ ಅಂದರು. ಕಳಿಸಿದ್ದೇನೆ.